ಟಿಕಲ್ ಬದುಕಿದೆಯೇ ಎಂದು ನಾನು ನೋಡಿದ ಬಗೆ

ನೆಟ್‌ವರ್ಕ್ ಉಪಕರಣಗಳನ್ನು ಪರೀಕ್ಷಿಸುವ ನಮ್ಮ ತಂಡದ ಸ್ಕ್ರಿಪ್ಟುಗಳು ಬಹುಪಾಲು ಟಿಕಲ್ (Tcl) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ. ರೂಟರ್‌ಗೆ ಲಾಗಿನ್ ಆಗಬೇಕು, ಆದೇಶ ಕೊಡಬೇಕು, ಬಂದ ಉತ್ತರ ಸರಿಯೇ ಎಂದು ನೋಡಬೇಕು, ಇಷ್ಟೇ ಅವುಗಳ ಕೆಲಸ. ಬರೆದವರು ಬೇರೆ ಬೇರೆ ಕಡೆ ಹೋಗಿಬಿಟ್ಟಿದ್ದಾರೆ, ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿದೆ. ತಂಡಕ್ಕೆ ಹೊಸದಾಗಿ ಸೇರಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಈ ಭಾಷೆ ಇನ್ನೂ ಇದೆಯೇ ಸರ್?’ ಉತ್ತರ ತಮಗೆ ಗೊತ್ತೇ ಇದೆ ಎಂಬ ಧಾಟಿ ಅದು. ಎಲ್ಲವನ್ನೂ ಪೈಥಾನ್‌ಗೆ ತಿರುಗಿಸಿ ಬರೆಯೋಣ ಎಂಬ ಮಾತು ಮೇಲಿನವರ ತನಕ ಹೋದಾಗ, ನಾನು ಕುಳಿತು ವಿಚಾರಿಸಿ ಒಂದು ಟಿಪ್ಪಣಿ ಬರೆಯಬೇಕಾಯಿತು.

ಅನುಮಾನ ಹುಟ್ಟುವುದು ಸಹಜವೇ. ಟಿಕಲ್ 8.6 ಬಂದದ್ದು 2012ರ ಡಿಸೆಂಬರ್‌ನಲ್ಲಿ, 9.0 ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ನಡುವೆ ಬರಬೇಕಿದ್ದ 8.7 ಆಲ್ಫಾ ಎಂಬ ಆರಂಭಿಕ ಪರೀಕ್ಷಾ ಹಂತ ದಾಟಲೇ ಇಲ್ಲ. ಆ ಹೊತ್ತಿಗೆ ಪೈಥಾನ್ 3.3ರಿಂದ 3.13ರ ಬಾಗಿಲಿಗೆ ಬಂದು ನಿಂತಿತ್ತು.

ಜನಪ್ರಿಯತೆಯ ಪಟ್ಟಿಗಳನ್ನು ನಾನು ತೆರೆಯಲೇ ಇಲ್ಲ. ಎಷ್ಟು ಜನ ಬಳಸುತ್ತಾರೆ ಎಂಬುದಕ್ಕೂ ಮುರಿದಾಗ ಯಾರು ಸರಿಪಡಿಸುತ್ತಾರೆ ಎಂಬುದಕ್ಕೂ ನೇರ ನಂಟಿಲ್ಲ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಪುಟ ನೋಡಿ ತೀರ್ಪು ಕೊಡುವವರೂ ಇದ್ದಾರೆ. ಆದರೆ ಟಿಕಲ್‌ನ ಅಸಲು ಕೆಲಸ ನಡೆಯುವುದು ಫಾಸಿಲ್ ಎಂಬ ಬೇರೊಂದು ವ್ಯವಸ್ಥೆಯಲ್ಲಿ, ಗಿಟ್‌ಹಬ್‌ನಲ್ಲಿರುವುದು ಅದರ ಪ್ರತಿ ಮಾತ್ರ. ಫಾಸಿಲ್, ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬರೆದವರದೇ ಸೃಷ್ಟಿ. ಎಸ್‌ಕ್ಯೂಲೈಟ್ ಹುಟ್ಟಿದ್ದೇ ಟಿಕಲ್‌ನ ಒಂದು ವಿಸ್ತರಣೆಯಾಗಿ, ಅಂದರೆ ಹೊರಗಿನಿಂದ ಜೋಡಿಸುವ ಭಾಗವಾಗಿ, ಇಂದಿಗೂ ಅದರ ಪರೀಕ್ಷೆಗಳಲ್ಲಿ ದೊಡ್ಡ ಭಾಗ ಟಿಕಲ್‌ನಲ್ಲಿವೆ. ಪೈಥಾನ್‌ನವರು ಕಿಟಕಿ, ಗುಂಡಿಗಳಿಗೆ ಬಳಸುವ ಟಿಕಿಂಟರ್‌ನ ಒಳಗೂ ಓಡುವುದು ಟಿಕಲ್ಲೇ. ‘ಪೈಥಾನ್‌ಗೆ ಹೋದರೆ ಟಿಕಲ್ ಕಾಟ ತಪ್ಪುತ್ತದೆ’ ಎಂದವರಿಗೆ ಇದನ್ನು ಹೇಳುವಾಗ ನನಗೆ ಸ್ವಲ್ಪ ಖುಷಿಯೇ ಆಯಿತು.

ನಾನು ಓದಿದ್ದು ಸಣ್ಣ ಬಿಡುಗಡೆಗಳ ಬದಲಾವಣೆಯ ಟಿಪ್ಪಣಿಗಳನ್ನು. 8.6 ನಿಂತಲ್ಲೇ ನಿಂತಿರಲಿಲ್ಲ, 2019ರಲ್ಲಿ 8.6.10, 2024ರ ಕೊನೆಗೆ 8.6.16, ಹೀಗೆ ನಡೆಯುತ್ತಲೇ ಇತ್ತು. ಹೊಸ ಸೌಲಭ್ಯಗಳಿಗಿಂತ ನನಗೆ ಬೇಕಿದ್ದದ್ದು ಬೇಸರದ ಕೆಲಸಗಳ ಗುರುತು. ಟಿಕಲ್ ತನ್ನ ಜೊತೆಯಲ್ಲೇ ಕಾಲವಲಯಗಳ ಮಾಹಿತಿಯನ್ನು ಹೊತ್ತು ತರುತ್ತದೆ. ಯಾವುದೋ ದೇಶ ಗಡಿಯಾರ ಹಿಂದೆ ಮುಂದೆ ಮಾಡುವ ನಿಯಮವನ್ನು ಬದಲಿಸಿದರೆ ಆ ಕಡತವನ್ನು ಯಾರಾದರೂ ತಿದ್ದಬೇಕು. ಅದರಿಂದ ಯಾರಿಗೂ ಹೆಸರು ಬರುವುದಿಲ್ಲ. ಆದರೂ ತಿದ್ದುಪಡಿ ತಪ್ಪದೆ ಬಂದಿತ್ತು. ಭಾಷೆ ಯಾರೋ ಒಬ್ಬರ ಕೈಯಲ್ಲಷ್ಟೇ ಇಲ್ಲ. 1988ರಲ್ಲಿ ಇದನ್ನು ಆರಂಭಿಸಿದ ಜಾನ್ ಔಸ್ಟರ್‌ಹೌಟ್ ಬದಿಗೆ ಸರಿದು ಬಹಳ ಕಾಲವಾಯಿತು. ಒಂದು ತಂಡ ಪ್ರಸ್ತಾವಗಳ ಮೇಲೆ ಮತ ಹಾಕಿ ತೀರ್ಮಾನಿಸುತ್ತದೆ, ಆ ದಾಖಲೆ ಎಲ್ಲರಿಗೂ ಸಿಗುತ್ತದೆ.

ಇಷ್ಟು ಓದಿದ ಮೇಲೆ ಎಲ್ಲವನ್ನೂ ಹೊಸ ಯಂತ್ರದಲ್ಲಿ ಮೂಲ ಕೋಡಿನಿಂದಲೇ ಕಂಪೈಲ್ ಮಾಡಿದೆ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಂದೆ. ನಿಜವಾದ ವಿಷಯ ಸಿಕ್ಕಿದ್ದು ಇಲ್ಲಿ. ಟಿಕಲ್ ಏನೂ ತಕರಾರಿಲ್ಲದೆ ಕಂಪೈಲ್ ಆಯಿತು. ಆದರೆ ನಮ್ಮ ಅರ್ಧಕ್ಕರ್ಧ ಸ್ಕ್ರಿಪ್ಟುಗಳು ನಿಂತಿರುವುದು ಎಕ್ಸ್‌ಪೆಕ್ಟ್ ಎಂಬ ವಿಸ್ತರಣೆಯ ಮೇಲೆ. ಎದುರಿನ ಪ್ರೋಗ್ರಾಮ್ ಏನು ಕೇಳುತ್ತದೆ ಎಂದು ಕಾದು ಉತ್ತರ ಕೊಡುವುದೇ ಅದರ ಕಸುಬು. ಅದರ 5.45.4 ಆವೃತ್ತಿ 2018ರದು. 2024ರಲ್ಲಿ ಬಂದ ಜಿಸಿಸಿ 14 (ಸಿ ಭಾಷೆಯ ಕಂಪೈಲರ್), ಹಳೆಯ ಸಿ ಶೈಲಿಯ ಹಲವು ಸಡಿಲತೆಗಳನ್ನು ಎಚ್ಚರಿಕೆಯ ಪಟ್ಟಿಯಿಂದ ತೆಗೆದು ದೋಷದ ಪಟ್ಟಿಗೆ ಸೇರಿಸಿತು. ಎಕ್ಸ್‌ಪೆಕ್ಟ್‌ನಲ್ಲಿ ಕಂಪೈಲ್‌ಗೆ ಮುನ್ನ ಯಂತ್ರವನ್ನು ಪರಿಶೀಲಿಸುವ ಕಾನ್ಫಿಗರ್ ಹಂತವೇ ಅದಕ್ಕೆ ಮುಗ್ಗರಿಸಿತು. ತಮಾಷೆ ಎಂದರೆ, ಜಿಸಿಸಿಯ ಸ್ವಂತ ಪರೀಕ್ಷೆಗಳು ನಡೆಯುವುದು ಡೆಜಾಗ್ನು ಎಂಬ ಸಾಧನದಿಂದ, ಡೆಜಾಗ್ನು ನಡೆಯುವುದು ಎಕ್ಸ್‌ಪೆಕ್ಟ್‌ನಿಂದ. ತನ್ನನ್ನು ಪರೀಕ್ಷಿಸುವ ಸಾಧನವನ್ನೇ ಕಂಪೈಲರ್ ತಿರಸ್ಕರಿಸಿತ್ತು!

ಸರಿಪಡಿಸಿದವರು ಯಾರು ಎಂದು ಹುಡುಕಿದೆ. ಲಿನಕ್ಸ್ ವಿತರಣೆಗಳವರು, ಅಂದರೆ ಲಿನಕ್ಸನ್ನು ಬೇಕಾದ ಪ್ಯಾಕೇಜುಗಳೊಡನೆ ಕಟ್ಟಿ ಕೊಡುವವರು. ಲಿನಕ್ಸನ್ನು ಮೂಲದಿಂದ ಕಟ್ಟುವುದನ್ನು ಕಲಿಸುವ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್‌ನವರೂ ಜಿಸಿಸಿ 14ಕ್ಕೆಂದೇ ಒಂದು ಪ್ಯಾಚ್ (ತಿದ್ದುಪಡಿಯ ಕಡತ) ಇಟ್ಟಿದ್ದರು. ಅದನ್ನು ಹಾಕಿದೆ, ಎಕ್ಸ್‌ಪೆಕ್ಟ್ ಎದ್ದಿತು. ಹಾಗಾದರೆ ಎಕ್ಸ್‌ಪೆಕ್ಟ್‌ಗೆ ಜೀವ ಇದೆ, ಆದರೆ ಅದು ಹುಟ್ಟಿದ ಮನೆಯಲ್ಲಿಲ್ಲ, ಪ್ಯಾಕೇಜ್ ಕಟ್ಟುವವರ ಹತ್ತಿರ ಇದೆ. ಬಿಡುಗಡೆಯ ದಿನಾಂಕವನ್ನಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ.

ಹೀಗೆ ಹೊರಗಿನವರು ಕೈಹಾಕಿ ಸರಿಪಡಿಸಲು ಜಾಗವಿದೆಯೇ ಎಂಬುದನ್ನು ನಾನು ಬಿಡುಗಡೆಯ ವೇಗಕ್ಕಿಂತ ಮೇಲಿನ ಪ್ರಶ್ನೆ ಎಂದುಕೊಂಡಿದ್ದೇನೆ. ವೆಬ್ ಪುಟಗಳಿಗೆ ಬಳಸುವ ಎಲ್ಮ್ ಭಾಷೆಯನ್ನೇ ನೋಡಿ. 0.19.1 ಬಂದದ್ದು 2019ರಲ್ಲಿ, ಆಮೇಲೆ ವರ್ಷಗಟ್ಟಲೆ ಮೌನ. ಮೌನ ನನ್ನನ್ನು ಅಷ್ಟಾಗಿ ಹೆದರಿಸುವುದಿಲ್ಲ. ಆದರೆ 0.19ರಿಂದ ನೇರವಾಗಿ ಜಾವಾಸ್ಕ್ರಿಪ್ಟ್ ಬಳಸುವ ಪ್ಯಾಕೇಜುಗಳನ್ನು ಬರೆಯುವ ಅವಕಾಶ ಎಲ್ಮ್‌ನ ಒಳಗಿನವರಿಗಷ್ಟೇ ಉಳಿಯಿತು. ಅಲ್ಲಿ ತಳಭಾಗದ ದೋಷಕ್ಕೆ ಸಿಕ್ಕಿಕೊಂಡವರು ಕಾಯಬೇಕು, ಇಲ್ಲವೇ ಕವಲೊಡೆದು ತಮ್ಮದೇ ಪ್ರತಿ ಸಾಕಬೇಕು. ಟಿಕಲ್‌ನಲ್ಲಿ ಸಿ ಬಲ್ಲ ಯಾರಾದರೂ ವಿಸ್ತರಣೆ ಬರೆಯಬಹುದು, ಹಳೆಯದನ್ನು ತೇಪೆ ಹಾಕಿ ನಡೆಸಬಹುದು. ನಿಧಾನದ ಯೋಜನೆಯನ್ನು ನೆಚ್ಚಿಕೊಳ್ಳುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಕೊನೆಗೆ 9.0ಗೆ ಹೋಗಿ ನೋಡಿದೆ. ಕಡತದ ಹೆಸರಿನಲ್ಲಿ ಟಿಲ್ಡೆ (~) ಬರೆದರೆ ಮನೆ ಡೈರೆಕ್ಟರಿ ಎಂದು ತಾನಾಗಿ ಅರ್ಥ ಮಾಡಿಕೊಳ್ಳುತ್ತಿದ್ದುದು ಹೋಗಿದೆ, ಅದು ಸುಲಭದಲ್ಲಿ ಸರಿಹೋಯಿತು. ಉಪಕರಣಗಳ ಲಾಗ್‌ಗಳಲ್ಲಿ ಆಗಾಗ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಅಲ್ಲದ ಬೈಟ್‌ಗಳು ನುಸುಳುತ್ತವೆ, 8.6 ಅವನ್ನು ಸದ್ದಿಲ್ಲದೆ ಒಳಗೆ ಬಿಡುತ್ತಿತ್ತು, 9.0 ದೋಷ ಎಂದು ನಿಲ್ಲಿಸುತ್ತದೆ. ನಿಲ್ಲಿಸುವುದು ಒಳ್ಳೆಯದೇ, ಕಾಣುತ್ತದಲ್ಲ. ನಿದ್ದೆ ಕೆಡಿಸಿದ್ದು ಸೊನ್ನೆ. 8.6ರಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಅಷ್ಟಮಾನದ್ದು, ಅಂದರೆ 0ರಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಎಂಟರ ಲೆಕ್ಕದ್ದು. 010 ಎಂದರೆ ಎಂಟು, 08 ಎಂದರೆ ದೋಷ. ತಿಂಗಳ ಲೆಕ್ಕ ಹಾಕುವ ಟಿಕಲ್ ಸ್ಕ್ರಿಪ್ಟುಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಾತ್ರ ಮುರಿಯುವುದು ಇದರಿಂದಲೇ, ಈ ಕಸುಬಿನವರಿಗೆಲ್ಲ ಗೊತ್ತಿರುವ ಹಳೆಯ ಗೋಳು. 9.0ರಲ್ಲಿ 08 ಎಂದರೆ ಎಂಟು, 010 ಎಂದರೆ ಹತ್ತು. ಬದಲಾವಣೆ ನ್ಯಾಯವಾದದ್ದೇ. ಆದರೆ ಯಾರಾದರೂ ಬೇಕೆಂದೇ 0177 ಎಂದು ಅಷ್ಟಮಾನದಲ್ಲಿ ಬರೆದಿದ್ದ ಕಡೆ ಲೆಕ್ಕ ಯಾವ ಸದ್ದೂ ಇಲ್ಲದೆ ಬೇರೆಯಾಗುತ್ತದೆ. ಅಂಥ ಸಾಲುಗಳನ್ನು ಒಂದೊಂದಾಗಿ ಹುಡುಕಿ, ಸಂಖ್ಯೆಯ ಆರಂಭದಲ್ಲಿ ಸೊನ್ನೆ, ಓ ಅಕ್ಷರ ಸೇರಿಸುವ ಹೊಸ ರೂಪಕ್ಕೆ (0o177) ತಂದೆ. ಆ ರೂಪ 8.6ಕ್ಕೂ ಅರ್ಥವಾಗುತ್ತದೆ.

ಟಿಪ್ಪಣಿಯಲ್ಲಿ ‘ಭಾಷೆ ಬದುಕಿದೆ’ ಎಂದಷ್ಟೇ ಬರೆದು ಮುಗಿಸಲಿಲ್ಲ. ನಾವು ಬಳಸುವ ಪ್ರತಿಯೊಂದು ಪ್ಯಾಕೇಜಿನ ಎದುರು, ಅದು ಮುರಿದರೆ ಸರಿಪಡಿಸುವವರು ಯಾರು ಎಂದು ಬರೆದೆ. ಟಿಕಲ್ ಎದುರು ಅದರದೇ ತಂಡ. ಎಕ್ಸ್‌ಪೆಕ್ಟ್ ಎದುರು ವಿತರಣೆಗಳವರು. ಇನ್ನೂ ಕೆಲವು ಸಣ್ಣ ಪ್ಯಾಕೇಜುಗಳ ಎದುರು ಯಾರ ಹೆಸರೂ ಬರೆಯಲಾಗಲಿಲ್ಲ. ಅವುಗಳನ್ನು ತೆಗೆದು, ಬೇಕಾದಷ್ಟು ಕೋಡನ್ನು ನಾವೇ ಬರೆದುಕೊಂಡೆವು. ಎಕ್ಸ್‌ಪೆಕ್ಟ್ ಬೇಡದ ಸ್ಕ್ರಿಪ್ಟುಗಳು 9.0ರಲ್ಲಿ ಓಡುತ್ತಿವೆ, ಬೇಕಾದವು 8.6ರಲ್ಲೇ ಇವೆ, ಪ್ಯಾಚ್‌ನ ಒಂದು ಪ್ರತಿ ನಮ್ಮ ಭಂಡಾರದಲ್ಲೂ ಇದೆ. ಹೊಸ ಸಾಧನಗಳನ್ನು ಪೈಥಾನ್‌ನಲ್ಲೇ ಬರೆಯುತ್ತಿದ್ದೇವೆ, ಸೇರುವವರಿಗೆ ಅದು ಗೊತ್ತಿರುತ್ತದೆ ಎಂಬ ಒಂದೇ ಕಾರಣಕ್ಕೆ. ಹಳೆಯದನ್ನು ತಿರುಗಿಸಿ ಬರೆಯುವ ಮಾತು ಸದ್ಯಕ್ಕೆ ಕೈಬಿಟ್ಟಾಗಿದೆ. ಮುಂದಿನ ಜಿಸಿಸಿ ಬಂದಾಗ ಎಕ್ಸ್‌ಪೆಕ್ಟ್‌ಗೆ ಯಾರೂ ಹೊಸ ಪ್ಯಾಚ್ ಬರೆಯದಿದ್ದರೆ ಆ ಮಾತನ್ನು ಮತ್ತೆ ಎತ್ತುವವನು ನಾನೇ.