ರೈಕೂಗೆ ಸ್ಟಾರ್‌ಡಸ್ಟ್ ಸುರಿಯುವ ಮುನ್ನ ನಾನು ಹಾಕುವ ಲೆಕ್ಕ

ಪೊಕೆಮಾನ್ ಗೋ ಮೊಬೈಲ್ ಆಟದಲ್ಲಿ ರೈಕೂ ಎಂಬ ಎಲೆಕ್ಟ್ರಿಕ್ ಪೊಕೆಮಾನ್ ಕೈಗೆ ಸಿಕ್ಕರೆ ಅದರ ಬಲ ಏರಿಸಲು ಸ್ಟಾರ್‌ಡಸ್ಟ್ ಎಂಬ ಆಟದೊಳಗಿನ ಪುಡಿ ಖರ್ಚಾಗುತ್ತದೆ. ಸಿಕ್ಕ ಕೂಡಲೇ ಹೆಚ್ಚಿನವರು ತೆರೆದು ನೋಡುವುದು ಐವಿ (ಅಟ್ಯಾಕ್, ಡಿಫೆನ್ಸ್, ಎಚ್‌ಪಿಗೆ ಸೇರುವ 0ರಿಂದ 15ರವರೆಗಿನ ಹೆಚ್ಚುವರಿ ಅಂಕ) ನಕ್ಷತ್ರಗಳನ್ನು. ನಾನು ಅದನ್ನು ಕಟ್ಟಕಡೆಗೆ ನೋಡುತ್ತೇನೆ. ರೈಕೂವಿನ ಮೂಲ ಅಟ್ಯಾಕ್ 241. ಐವಿ 15 ಇದ್ದರೆ 256, 10 ಇದ್ದರೆ 251. ವ್ಯತ್ಯಾಸ ನೂರಕ್ಕೆ ಎರಡು. ಅದೇ ಎದುರಾಳಿಯ ಟೈಪ್ (ವಾಟರ್, ಗ್ರೌಂಡ್‌ನಂಥ ಬಗೆ) ಹೊಂದಿಬಂದರೆ ಹೊಡೆತ 1.6 ಪಟ್ಟು, ಹೊಂದದಿದ್ದರೆ 0.625ಕ್ಕೆ ಕುಸಿತ. ಹಾಗಾಗಿ ಮೊದಲ ಪ್ರಶ್ನೆ, ಇದನ್ನು ಯಾರ ಮೇಲೆ ಬಿಡುವುದು?

ಎಲೆಕ್ಟ್ರಿಕ್ ಹೊಡೆತ ಚೆನ್ನಾಗಿ ನಾಟುವುದು ವಾಟರ್ ಮತ್ತು ಫ್ಲೈಯಿಂಗ್ ಎರಡಕ್ಕೇ. ಗ್ರಾಸ್, ಡ್ರ್ಯಾಗನ್ ಮತ್ತು ಎಲೆಕ್ಟ್ರಿಕ್ ಅದನ್ನು ತಡೆಯುತ್ತವೆ. ಗ್ರೌಂಡ್ ಮೇಲೆ 0.39 ಮಾತ್ರ. ಎರಡು ಟೈಪ್ ಇರುವಲ್ಲಿ ಗುಣಿಸಿ ನೋಡಬೇಕು. ವಾಟರ್-ಫ್ಲೈಯಿಂಗ್ ಆದ ಗ್ಯಾರಡೋಸ್ ಮೇಲೆ 2.56 ಪಟ್ಟು. ಆದರೆ ಮೆಗಾ ಗ್ಯಾರಡೋಸ್ ವಾಟರ್-ಡಾರ್ಕ್ ಆಗಿಬಿಡುತ್ತದೆ, ಅಲ್ಲಿ ಬರೀ 1.6. ಇದನ್ನು ಮರೆತು ಎಲೆಕ್ಟ್ರಿಕ್ ತಂಡವನ್ನೇ ಕಟ್ಟಿಕೊಂಡು ಹೋಗುವವರು ಬಹಳ. ಫೈರ್-ಫ್ಲೈಯಿಂಗ್ ಆದ ಹೋ-ಓ ಮೇಲೆ ರೈಕೂ ನಡೆಯುತ್ತದೆ ನಿಜ, ಆದರೆ ಅಲ್ಲಿ ರಾಕ್ ಹೊಡೆತಕ್ಕೆ 2.56 ಇದೆ; ಒಳ್ಳೆಯ ರಾಕ್ ತಂಡ ಇದ್ದವರಿಗೆ ರೈಕೂ ಬೇಕಿಲ್ಲ. ವಾಟರ್ ಟೈಪಿನ ಕೈಯೋಗರ್‌ನ ರೇಡ್ (ಹಲವರು ಸೇರಿ ಬಲಿಷ್ಠ ಪೊಕೆಮಾನ್ ಒಂದನ್ನು ಸೋಲಿಸುವ ಕಾಳಗ) ಮಾತ್ರ ಇದರದೇ ಅಖಾಡ. ಕೈಯೋಗರ್ ಕೈಯಲ್ಲಿ ಥಂಡರ್ ಎಂಬ ಎಲೆಕ್ಟ್ರಿಕ್ ಹೊಡೆತ ಇದ್ದರೂ ರೈಕೂ ಅದನ್ನು ತಡೆದುಕೊಳ್ಳುತ್ತದೆ. ಆಟದ ಹವಾಮಾನ ಮಳೆ ತೋರಿಸುತ್ತಿದ್ದರೆ ಎಲೆಕ್ಟ್ರಿಕ್ ಹೊಡೆತಕ್ಕೆ 1.2 ಪಟ್ಟು ಬಲ. ವಾಟರ್ ಹೊಡೆತಕ್ಕೂ ಅಷ್ಟೇ ಬಲ ಬರುವುದರಿಂದ ಮಳೆ ಹವಾಮಾನದ ಕೈಯೋಗರ್ ರೇಡ್‌ಗೆ ರಿವೈವ್ (ಬಿದ್ದ ಪೊಕೆಮಾನನ್ನು ಎಬ್ಬಿಸುವ ಮದ್ದು) ಹೆಚ್ಚಿಗೆ ಇಟ್ಟುಕೊಳ್ಳಿ.

ಎರಡನೆಯದು ಮೂವ್, ಅಂದರೆ ಹೊಡೆತ. ರೇಡ್‌ಗೆ ನಾನು ಇಡುವುದು ಥಂಡರ್ ಶಾಕ್ (ಎನರ್ಜಿ ತುಂಬುವ ಚುರುಕು ಹೊಡೆತ) ಮತ್ತು ವೈಲ್ಡ್ ಚಾರ್ಜ್ (ಆ ಎನರ್ಜಿ ಖರ್ಚು ಮಾಡುವ ಚಾರ್ಜ್ಡ್ ಮೂವ್). ಥಂಡರ್ ಒಂದೇ ಎನರ್ಜಿ ಬಾರ್‌ನ ಮೂವ್, 100 ಎನರ್ಜಿ ಪೂರ್ತಿ ತುಂಬಬೇಕು. 90 ತುಂಬಿರುವಾಗ ರೈಕೂ ಬಿದ್ದರೆ ಅಷ್ಟೂ ಮಣ್ಣುಪಾಲು. ವೈಲ್ಡ್ ಚಾರ್ಜ್‌ಗೆ 50 ಸಾಕು. ವೈಲ್ಡ್ ಚಾರ್ಜ್ ಬಳಸಿದರೆ ಡಿಫೆನ್ಸ್ ಕುಸಿಯುತ್ತದೆ ಎಂದು ಹೆದರುವವರಿದ್ದಾರೆ. ಆ ಕುಸಿತ ಆಟಗಾರರ ನಡುವಿನ ಕಾಳಗದಲ್ಲಿ ಮಾತ್ರ, ರೇಡ್‌ನಲ್ಲಿ ಇಲ್ಲ.

ಆಟಗಾರರ ಕಾಳಗದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಒಂದು ಟರ್ನ್ ಅಂದರೆ ಅರ್ಧ ಸೆಕೆಂಡ್. ಥಂಡರ್ ಶಾಕ್ ಎರಡು ಟರ್ನ್‌ಗೆ 9 ಎನರ್ಜಿ ಕೊಡುತ್ತದೆ, ವೈಲ್ಡ್ ಚಾರ್ಜ್‌ಗೆ ಬೇಕಾದದ್ದು 45. ಐದು ಹೊಡೆತ, ಐದು ಸೆಕೆಂಡ್, ಒಂದು ಚೂರೂ ಮಿಗುವುದಿಲ್ಲ. ಇಷ್ಟು ನೀಟಾಗಿ ಕೂಡಿಬರುವ ಜೋಡಿ ಅಪರೂಪ. ಸೀಸನ್ ಬದಲಾದಾಗ ಈ ಅಂಕಿಗಳನ್ನು ತಿದ್ದುವುದುಂಟು, ಆಗ ಮತ್ತೆ ಎಣಿಸಬೇಕು. ಒಂದು ವೈಲ್ಡ್ ಚಾರ್ಜ್ ಬಿಟ್ಟ ಮೇಲೆ ಡಿಫೆನ್ಸ್ ಎರಡು ಹಂತ ಇಳಿದು, ಎದುರಾಳಿಯ ಪ್ರತಿ ಏಟೂ ಒಂದೂವರೆ ಪಟ್ಟು ಬೀಳುತ್ತದೆ. ಅದಕ್ಕೇ ನಾನು ಅದನ್ನು ಎದುರಾಳಿಯನ್ನು ಮುಗಿಸುವ ಏಟಿಗೋ, ರೈಕೂ ಹೇಗೂ ಬೀಳುತ್ತದೆ ಎನ್ನುವಾಗಿನ ಕೊನೆಯ ಏಟಿಗೋ ಎತ್ತಿಡುತ್ತೇನೆ.

ಎರಡನೇ ಚಾರ್ಜ್ಡ್ ಮೂವ್‌ಗೆ 1,00,000 ಸ್ಟಾರ್‌ಡಸ್ಟ್, 100 ಕ್ಯಾಂಡಿ (ಅದೇ ಪೊಕೆಮಾನ್‌ನ ಮಿಠಾಯಿ) ತೆರಬೇಕು. ಆಟಗಾರರ ಕಾಳಗದ ಅಲ್ಟ್ರಾ ಲೀಗ್ ಆಡುವವರಿಗೆ ಶ್ಯಾಡೋ ಬಾಲ್ ಎಂಬ ಘೋಸ್ಟ್ ಮೂವ್ ಬೇಕೇ ಬೇಕು: ಅಲ್ಲಿ ಎದುರಾಗುವ ಗಿರಾಟಿನಾ ಘೋಸ್ಟ್-ಡ್ರ್ಯಾಗನ್ ಆದ್ದರಿಂದ ಎಲೆಕ್ಟ್ರಿಕ್ ತಡೆಯುತ್ತದೆ, ಆದರೆ ಘೋಸ್ಟ್ ಹೊಡೆತಕ್ಕೆ 1.6 ತಿನ್ನುತ್ತದೆ. ಬರೀ ರೇಡ್‌ಗಾದರೆ ಆ ಖರ್ಚು ದಂಡ. ಗ್ರೌಂಡ್ ಎದುರಾದರೆ ಯಾವ ಮೂವ್ ಇದ್ದರೂ ಬದಲಿಸಿಬಿಡುವುದೇ ಸರಿ. ಮಾಸ್ಟರ್ ಲೀಗ್‌ಗೆ ರೈಕೂವನ್ನು ನಾನು ಒಯ್ಯುವುದಿಲ್ಲ. ಅಲ್ಲಿ ಡ್ರ್ಯಾಗನ್ ಮತ್ತು ಗ್ರೌಂಡ್ ದಂಡೇ ಇದೆ.

ಮೂರನೆಯದು ಶ್ಯಾಡೋ ರೂಪ, ಅಂದರೆ ಆಟದ ಖಳರಾದ ಟೀಮ್ ಗೋ ರಾಕೆಟ್‌ನ ಕೈಯಿಂದ ಬಿಡಿಸಿಕೊಂಡದ್ದು. ಶ್ಯಾಡೋ ಆದರೆ ಅಟ್ಯಾಕ್ 1.2 ಪಟ್ಟು, ಡಿಫೆನ್ಸ್ 0.83ಕ್ಕೆ ಇಳಿತ. ಅಟ್ಯಾಕ್ ಐವಿ ಸೊನ್ನೆ ಇರುವ ಶ್ಯಾಡೋ ರೈಕೂ ಕೂಡ 241ರ 1.2 ಪಟ್ಟು, ಅಂದರೆ 289. ಶೇಕಡಾ ನೂರರ, ಅಂದರೆ ಮೂರೂ ಐವಿ 15 ಇರುವ ಸಾಮಾನ್ಯ ರೈಕೂ 256. ನಕ್ಷತ್ರ ನೋಡಿ ಇಂಥದ್ದನ್ನು ಪ್ಯೂರಿಫೈ ಮಾಡಿ ಶ್ಯಾಡೋ ರೂಪ ಕಳೆದರೆ ಐವಿ ಎರಡೆರಡು ಏರುತ್ತದೆ, ಈ ಬಲ ಪೂರ್ತಿ ಹೋಗುತ್ತದೆ. ದಯವಿಟ್ಟು ಮಾಡಬೇಡಿ. ತೊಡಕು ಇರುವುದು ಶ್ಯಾಡೋ ಜೊತೆಗೇ ಬರುವ ಫ್ರಸ್ಟ್ರೇಷನ್ ಎಂಬ ದುರ್ಬಲ ಮೂವ್‌ನಲ್ಲಿ. ಅದನ್ನು ಚಾರ್ಜ್ಡ್ ಟಿಎಂನಿಂದ (ಮೂವ್ ಬದಲಿಸುವ ಸಾಧನ) ಅಳಿಸಲು ಟೀಮ್ ಗೋ ರಾಕೆಟ್‌ನ ವಿಶೇಷ ದಿನಗಳಿಗೆ ಕಾಯಬೇಕು. ಅದು ಅಳಿಯುವ ತನಕ ಸ್ಟಾರ್‌ಡಸ್ಟ್ ಹಾಕುವುದಿಲ್ಲ. ಶ್ಯಾಡೋಗೆ ಪವರ್ ಅಪ್ ಖರ್ಚೂ ಐದನೇ ಒಂದು ಪಾಲು ಹೆಚ್ಚು.

ಇಷ್ಟಾದ ಮೇಲೆ ಲೆವೆಲ್. ಸಾಮಾನ್ಯ ರೈಕೂವನ್ನು 20ರಿಂದ 30ಕ್ಕೆ ಏರಿಸಲು 75,000 ಸ್ಟಾರ್‌ಡಸ್ಟ್, 30ರಿಂದ 40ಕ್ಕೆ ಇನ್ನೂ 1,50,000. ಎರಡು ಪಟ್ಟು ಖರ್ಚು ಮಾಡಿ ಸಿಗುವುದು ಶೇಕಡಾ 8ರಷ್ಟು ಹೆಚ್ಚಿನ ಅಟ್ಯಾಕ್. ಅದಕ್ಕೇ ರೇಡ್‌ಗೆ ಮೂರು ರೈಕೂಗಳನ್ನು 30ಕ್ಕೆ ತಂದು ನಿಲ್ಲಿಸುವುದು, ಒಂದನ್ನೇ 40ಕ್ಕೆ ಒಯ್ಯುವುದಕ್ಕಿಂತ ಮೇಲು.

ಕಡೆಗೆ ಐವಿ. ರೇಡ್‌ನಲ್ಲಿ ಹಿಡಿಯುವಾಗ ಸಿಪಿ (ಪೊಕೆಮಾನ್‌ನ ಒಟ್ಟು ಬಲದ ಅಂಕ) 1972 ಇದ್ದರೆ ಅದು ಶೇಕಡಾ ನೂರು, ಮಳೆಯಲ್ಲಾದರೆ 2466. ಅಲ್ಟ್ರಾ ಲೀಗ್‌ನ ಮಿತಿ 2500. ಮಳೆಯಲ್ಲಿ ಸಿಕ್ಕ ಆ ನೂರರ ರೈಕೂಗೆ ಒಂದೇ ಒಂದು ಪವರ್ ಅಪ್ ಕೊಟ್ಟರೂ ಮಿತಿ ದಾಟಿ 2515 ಆಗುತ್ತದೆ, ಲೀಗ್‌ಗೆ ಬರುವುದಿಲ್ಲ. ಸಿಪಿ ಲೆಕ್ಕದಲ್ಲಿ ಅಟ್ಯಾಕ್‌ನ ತೂಕ ಹೆಚ್ಚು, ಡಿಫೆನ್ಸ್ ಮತ್ತು ಎಚ್‌ಪಿ ವರ್ಗಮೂಲವಾಗಿ ಮಾತ್ರ ಸೇರುತ್ತವೆ. ಹಾಗಾಗಿ ಲೀಗ್‌ಗೆ ಅಟ್ಯಾಕ್ 10ರ ಹತ್ತಿರ, ಉಳಿದೆರಡು 15ರ ಹತ್ತಿರ ಇರುವುದನ್ನು ಆರಿಸುತ್ತೇನೆ. ಪವರ್ ಅಪ್ ಬಟನ್ ಒತ್ತುವ ಮುನ್ನ ಮುಂದಿನ ಸಿಪಿ ಎಷ್ಟಾಗುತ್ತದೆ ಎಂದು ಪರದೆಯಲ್ಲೇ ನೋಡಿಕೊಳ್ಳಿ. ಏರಿದ್ದನ್ನು ಇಳಿಸಲು ಬರುವುದಿಲ್ಲ.