ಮೊದಲ ಚೀಲಕ್ಕೂ ಕೊನೆಯ ಚೀಲಕ್ಕೂ ಒಂದೇ ಹದ: ಕಾಳು ಗೊಬ್ಬರ ಬೆರೆಸುವ ಬಗೆ

ಮಿಶ್ರ ಗೊಬ್ಬರದ ಹದ ತಪ್ಪಿದಾಗ ಹೆಚ್ಚಿನವರು ದೂರುವುದು ಮಿಕ್ಸರನ್ನು. ತಪ್ಪು ಅಲ್ಲಿರುವುದು ಅಪರೂಪ. ಡ್ರಮ್ಮಿನಲ್ಲಿ ಚೆನ್ನಾಗಿಯೇ ಬೆರೆತ ಗೊಬ್ಬರ ರಾಶಿಗೆ, ಹಾಪರಿಗೆ, ಲಾರಿಗೆ ಬೀಳುವ ಹೊತ್ತಿಗೆ ಮತ್ತೆ ಬೇರೆಬೇರೆಯಾಗುತ್ತದೆ. ಇದರ ಮುಖ್ಯ ಕಾರಣ ಕಾಳುಗಳ ಗಾತ್ರದಲ್ಲಿರುವ ವ್ಯತ್ಯಾಸ. ಸಾಂದ್ರತೆ, ಆಕಾರಗಳ ಪಾಲು ಅದರ ಮುಂದೆ ತೀರ ಕಡಿಮೆ.

ಮೊದಲು ತೂಕದ ಲೆಕ್ಕ. 19-19-19ರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ 19 ಇರುವ ಮಿಶ್ರಣ) 1 ಟನ್ನಿಗೆ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 413 ಕೆ.ಜಿ., ಶೇ 60ರ ಪೊಟ್ಯಾಷ್ 317, ಯೂರಿಯಾ 251. ಒಟ್ಟು 981 ಕೆ.ಜಿ. ಉಳಿದ 19 ಕೆ.ಜಿ. ಜಾಗಕ್ಕೆ ಮರಳು ಸುರಿಯಬೇಡಿ. ಅದನ್ನು ಮೂರಕ್ಕೂ ಹಂಚಿ 421, 322, 257 ಮಾಡಿಕೊಳ್ಳಿ. ಮೂರೂ ಪೋಷಕಾಂಶ ಶೇ 19.3ರ ಮೇಲೆಯೇ ನಿಲ್ಲುತ್ತವೆ, ತೂಗುವಾಗಿನ ಸಣ್ಣ ಏರುಪೇರಿಗೂ ಅವಕಾಶ ಸಿಗುತ್ತದೆ.

ಯಾವುದರ ಜೊತೆ ಯಾವುದು ಸೇರದು ಎಂಬುದೂ ಗೊತ್ತಿರಲಿ. ಯೂರಿಯಾ ಮತ್ತು ಅಮೋನಿಯಂ ನೈಟ್ರೇಟ್ ಕೂಡಿದರೆ ಒಣಹವೆಯಲ್ಲೂ ತೇವ ಎಳೆದುಕೊಂಡು ರಾಡಿಯಾಗುತ್ತವೆ. ಸೂಪರ್ ಫಾಸ್ಫೇಟಿನ ಜೊತೆ ಯೂರಿಯಾ ಸೇರಿಸಿದರೆ ಫಾಸ್ಫೇಟಿನೊಳಗೆ ಬಂಧಿಯಾಗಿದ್ದ ನೀರು ಹೊರಬಂದು ಗೊಬ್ಬರ ಅಂಟಂಟಾಗುತ್ತದೆ. ಅನುಮಾನವಿದ್ದರೆ ಒಂದು ಹಿಡಿ ಮಿಶ್ರಣವನ್ನು ಗಾಜಿನ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ, 30 ಡಿಗ್ರಿಯ ಬಿಸಿಯಲ್ಲಿ ಒಂದು ವಾರ ಇಟ್ಟು, ಒದ್ದೆಯಾಯಿತೇ ನೋಡಿ.

ಇನ್ನು ಜರಡಿ. ಕೆಲಸ ಕೆಡುವುದೂ ಉಳಿಯುವುದೂ ಇಲ್ಲೇ. ಕಚ್ಚಾಮಾಲಿನ ಪ್ರತಿ ಲೋಡಿನಿಂದ 500 ಗ್ರಾಂ ತೆಗೆದು 4, 3.35, 2.8, 2, 1 ಮಿ.ಮೀ. ಜರಡಿಗಳನ್ನು ದೊಡ್ಡದು ಮೇಲಿರುವಂತೆ ಒಂದರ ಮೇಲೊಂದು ಜೋಡಿಸಿ 5 ನಿಮಿಷ ಅಲ್ಲಾಡಿಸಿ. ಪ್ರತಿ ಜರಡಿಯಲ್ಲಿ ಉಳಿದದ್ದನ್ನು ತೂಗಿ, ಮೇಲಿನಿಂದ ಕೂಡಿಸುತ್ತಾ ಬನ್ನಿ. 3.35ರವರೆಗೆ ಶೇ 40, 2.8ರವರೆಗೆ ಶೇ 68 ಉಳಿದಿದೆ ಎನ್ನಿ. ಅರ್ಧದಷ್ಟು ಮಾಲು ಉಳಿಯುವ ಗಾತ್ರ ಇವೆರಡರ ನಡುವಿದೆ: ಜರಡಿಗಳ ಅಂತರ 0.55 ಮಿ.ಮೀ., ಶೇಕಡಾವಾರಿನ ಅಂತರ 28, ಶೇ 40ರಿಂದ 50 ಮುಟ್ಟಲು ಬೇಕಾದದ್ದು 10; 3.35ರಿಂದ, 0.55ರ 28ರಲ್ಲಿ 10 ಪಾಲನ್ನು ಕಳೆದರೆ ಸುಮಾರು 3.15 ಮಿ.ಮೀ. ಅದನ್ನು ನೂರರಿಂದ ಗುಣಿಸಿದರೆ 315. ಕಾಳಿನ ನಡುಗಾತ್ರ ತೋರುವ ಈ ಸಂಖ್ಯೆಯೇ ಆ ಮಾಲಿನ ಎಸ್‌ಜಿಎನ್.

ಬೆರೆಸುವ ಮಾಲುಗಳ ಎಸ್‌ಜಿಎನ್ ನಡುವಿನ ಅಂತರ ಶೇ 10ರೊಳಗಿದ್ದರೆ ನಿಶ್ಚಿಂತೆ. ಶೇ 20 ದಾಟಿದರೆ ಆ ಲೋಡನ್ನು ಈ ಮಿಶ್ರಣಕ್ಕೆ ಬಳಸಲೇಬೇಡಿ. ಅಗ್ಗಕ್ಕೆ ಸಿಗುತ್ತದೆಂದು ಪ್ರಿಲ್ಡ್ ಯೂರಿಯಾ (ಸಣ್ಣ ಮಣಿಗಳಂಥ ಯೂರಿಯಾ), ಪುಡಿಪುಡಿಯಾದ ಕೆಂಪು ಪೊಟ್ಯಾಷ್ ತಂದು ದಪ್ಪಕಾಳಿನ ಡಿಎಪಿಗೆ ಸೇರಿಸುವುದು ನಷ್ಟದ ಕೆಲಸ. ಗ್ರಾನ್ಯುಲರ್ ಯೂರಿಯಾ, ಒತ್ತಿ ಒಡೆದ ಗ್ರಾನ್ಯುಲರ್ ಪೊಟ್ಯಾಷನ್ನೇ ಕೊಳ್ಳಿ. ಚೀಲದ ಮೇಲೆ ‘ಗ್ರಾನ್ಯುಲರ್’ ಎಂದು ಬರೆದಿದೆಯೆಂದು ಜರಡಿಯನ್ನು ಬಿಡಬೇಡಿ.

ಬೆರೆಸುವುದು ಸುಲಭ. ತಕ್ಕಡಿ ಪರೀಕ್ಷಿಸಿ, ತೂಗಿ ಹಾಕಿ, ಕೊನೆಯ ಮಾಲು ಬಿದ್ದ ಮೇಲೆ ಡ್ರಮ್ಮನ್ನು ಎರಡು ಮೂರು ನಿಮಿಷ ತಿರುಗಿಸಿ.

ಹೊರಬಿಡುವಾಗ ಮೈಯೆಲ್ಲ ಕಣ್ಣಾಗಿರಬೇಕು. ಒಂದೇ ಕೊಳವೆಯಿಂದ ಎತ್ತರದಿಂದ ಬಿದ್ದ ಗೊಬ್ಬರ ಗೋಪುರದಂತೆ ಏರುತ್ತದೆ. ಸಣ್ಣ ಕಾಳು ಬಿದ್ದಲ್ಲೇ ಸಂದುಗಳಲ್ಲಿ ಕೂರುತ್ತದೆ, ದಪ್ಪ ಕಾಳು ಇಳಿಜಾರಿನಲ್ಲಿ ಉರುಳಿ ಬುಡ ಸೇರುತ್ತದೆ. ಯೂರಿಯಾ ಸಣ್ಣಕಾಳಿನದಾಗಿದ್ದರೆ, ಅಂಥ ರಾಶಿಯನ್ನು ಸಲಿಕೆಯಿಂದ ನಡುವೆ ಸೀಳಿದರೆ ಒಳಗೆ ಬಿಳಿ ಯೂರಿಯಾದ ತಿರುಳು, ಸುತ್ತ ಕಡುಬಣ್ಣದ ಡಿಎಪಿಯ ಸೆರಗು ಬರಿಗಣ್ಣಿಗೇ ಕಾಣುತ್ತದೆ. ಅಂಚಿನಿಂದ ತುಂಬಿದ ಚೀಲಕ್ಕೆ ಸಾರಜನಕ ಕಡಿಮೆ, ನಡುವಿನದ್ದಕ್ಕೆ ಹೆಚ್ಚು.

ಹಾಗಾಗಿ ಕೊಳವೆಯ ತುದಿಗೆ ಬಟ್ಟೆಯ ತೋಳು ಕಟ್ಟಿ ರಾಶಿಯ ನೆತ್ತಿಗೆ ಹತ್ತಿರ ತನ್ನಿ. ಜಾಗ ಬದಲಿಸುತ್ತಾ ಒಂದಕ್ಕೊಂದು ತಾಗುವ ಚಿಕ್ಕ ರಾಶಿಗಳನ್ನು ಮಾಡಿ. ಎತ್ತುವಾಗ ಬುಡದಿಂದ ನೆತ್ತಿಯವರೆಗೆ ಇಡೀ ಮುಖವನ್ನು ಕೆರೆದು ತೆಗೆಯಿರಿ. ಚೀಲ ತುಂಬುವ ಹಾಪರನ್ನು ಬರಿದಾಗಲು ಬಿಡಬೇಡಿ. ಹಾಪರಿನಲ್ಲೂ ನಡುವಿನ ಸಣ್ಣಕಾಳು ಮೊದಲು ಇಳಿದು, ಗೋಡೆ ಬದಿಯ ದಪ್ಪಕಾಳು ಕೊನೆಯ ಚೀಲಗಳಿಗೆ ಬೀಳುತ್ತದೆ. ಒಳಗೆ ಅಡ್ಡ ಹಲಗೆಗಳನ್ನಿಟ್ಟು ಕೋಣೆಗಳಾಗಿ ಭಾಗ ಮಾಡಿದರೆ ಈ ತೊಂದರೆ ಬಹಳ ತಗ್ಗುತ್ತದೆ. ರಾಶಿಯನ್ನೇ ಮಾಡದೆ ಡ್ರಮ್ಮಿನಿಂದ ನೇರ ಚೀಲಕ್ಕೆ ಹೋಗುವಂತಿದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಯೂರಿಯಾ–ಪೊಟ್ಯಾಷ್ ಮಿಶ್ರಣ 30 ಡಿಗ್ರಿಯಲ್ಲಿ ಗಾಳಿಯ ತೇವ ಶೇ 60 ಮುಟ್ಟಿದರೆ ಸಾಕು, ನೀರು ಎಳೆಯತೊಡಗುತ್ತದೆ. ಎರಡನ್ನೂ ಬೇರೆಬೇರೆ ಇಟ್ಟರೆ ಅಷ್ಟಕ್ಕೆ ಒದ್ದೆಯಾಗವು. ಬೆರೆಸಿದ ದಿನವೇ ಒಳಪದರವಿರುವ ಚೀಲಕ್ಕೆ ತುಂಬಿ ಹೊಲಿಯಿರಿ.

ಪರೀಕ್ಷೆಗೆಂದು ಚೀಲದ ಬಾಯಿಂದ ಹಿಡಿಯಷ್ಟು ತೆಗೆದರೆ ಆ ವರದಿಗೆ ಬೆಲೆಯಿಲ್ಲ. ಬೀಳುತ್ತಿರುವ ಧಾರೆಗೆ ಅಡ್ಡಲಾಗಿ, ಇಡೀ ಅಗಲಕ್ಕೆ, ಬಟ್ಟಲನ್ನು ಒಂದೇ ವೇಗದಲ್ಲಿ ಹಾಯಿಸಿ. ಬ್ಯಾಚಿನ ಶುರುವಿನಿಂದ ಕೊನೆಯವರೆಗೆ ಹೀಗೆ ಹತ್ತು ಬಾರಿ ಹಿಡಿದು, ಮೊದಲ ಸಲ ಎಲ್ಲವನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಿ. ಹತ್ತರ ಸರಾಸರಿಯೇ ತಪ್ಪಿದ್ದರೆ ದೋಷ ತಕ್ಕಡಿಯಲ್ಲಿದೆ. ಸರಾಸರಿ ಸರಿಯಿದ್ದು ಒಂದೊಂದೂ ಒಂದೊಂದು ಬಗೆ ಬಂದರೆ ಜರಡಿ ಲೆಕ್ಕಕ್ಕೆ ಮರಳಿ. ಡ್ರಮ್ಮನ್ನು ಇನ್ನಷ್ಟು ಹೊತ್ತು ತಿರುಗಿಸಿದರೆ ಕಾಳು ಒಡೆದು ಪುಡಿ ಹೆಚ್ಚುತ್ತದೆ, ಆ ಪುಡಿಯೇ ಮುಂದೆ ಚೀಲದಲ್ಲಿ ಗಡ್ಡೆ ಕಟ್ಟುತ್ತದೆ.