ಆಟದ ಮೈದಾನದಲ್ಲಿ ಅಕ್ಷಾಂಶ, ರೇಖಾಂಶ: ನನ್ನ ಅನುಭವ

ದೇಶದ ಗಡಿಯಾರಕ್ಕೆ ಆಧಾರವಾದ 82½ ಡಿಗ್ರಿ ಪೂರ್ವ ರೇಖಾಂಶ ಎಳೆಯಿರಿ ಅಂದರೆ ನಮ್ಮ ಹತ್ತನೇ ಕ್ಲಾಸಿನವರು ಭಾರತದ ನಕ್ಷೆಯಲ್ಲಿ ಕಣ್ಣು ಮುಚ್ಚಿ ಎಳೆಯುತ್ತಾರೆ. ನಮ್ಮ ಊರು ಎಷ್ಟು ಡಿಗ್ರಿಯಲ್ಲಿದೆ ಅಂತ ಕೇಳಿ, ಸೂರು ನೋಡುತ್ತಾರೆ. ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ಇದೇನೂ ಹೊಸದಲ್ಲ ಬಿಡಿ. ನಾನು ಮೈದಾನಕ್ಕೇ ಗೆರೆ ಹಾಕಿಸಿದೆ. "ಪೋರ್ಷನ್ ಮುಗಿಸೋದು ಬಿಟ್ಟು ಸುಣ್ಣ ಹಾಕಿಸ್ತಿದ್ದಾರೆ" ಅಂತ ಸ್ಟಾಫ್ ರೂಮಿನಲ್ಲಿ ಆಡಿಕೊಂಡವರೇ ಈಗ ತಮ್ಮ ಕ್ಲಾಸನ್ನೂ ಅಲ್ಲಿಗೆ ಕರೆತರುತ್ತಾರೆ.

ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ., ಒಂದು ಸೆಕೆಂಡಿಗೆ (ಗಡಿಯಾರದ್ದಲ್ಲ, ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು) 31 ಮೀಟರ್‌ಗಿಂತ ಚೂರು ಕಡಿಮೆ. ಅಂದರೆ ಹೈಸ್ಕೂಲ್ ಮೈದಾನದಲ್ಲಿ ಎರಡು ಮೂರು ಸೆಕೆಂಡು ಆರಾಮಾಗಿ ಹಿಡಿಸುತ್ತದೆ. ಸೆಕೆಂಡಿಗೊಂದರಂತೆ ಅಕ್ಷಾಂಶ, ರೇಖಾಂಶದ ಗೆರೆ ಹಾಕಿ, ಮಕ್ಕಳ ಕೈಗೆ ಜಿಪಿಎಸ್ ಆನ್ ಆಗಿರುವ ಫೋನ್ ಕೊಟ್ಟು ನಡೆಸುವುದು. ಗೆರೆ ದಾಟಿದಾಗ ಸ್ಕ್ರೀನಿನಲ್ಲಿ ಸೆಕೆಂಡು ಬದಲಾಗಬೇಕು. ಇಷ್ಟೇ ಉಪಾಯ.

ಬರೆದಷ್ಟು ಸುಲಭವಾಗಿ ಆಗಲಿಲ್ಲ. ಸುಣ್ಣದ ಪುಡಿ ಚೀಲಕ್ಕೆ 300-350 ರೂಪಾಯಿ ಕೊಟ್ಟಿದ್ದೆ. ಅರ್ಧ ಖೋಖೋ ಆಡುವವರ ಕಾಲಿಗೆ ಹೋಯಿತು, ಉಳಿದದ್ದು ಮಳೆಗೆ. ಆಮೇಲೆ ಗೂಟ ಹೊಡೆದು ನೈಲಾನ್ ಹಗ್ಗ ಕಟ್ಟಿಸಿದೆ, ಅದಕ್ಕೆ 400ರ ಹತ್ತಿರ. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಹಗ್ಗ ಯಾರದೋ ಕೊಟ್ಟಿಗೆ ಸೇರಿತ್ತು. ಕೊನೆಗೆ ಸೈಜುಗಲ್ಲು ಹೂಳಿಸಿ ತಲೆಗೆ ಪೇಂಟ್ ಬಳಿಸಿದೆ. ಕಲ್ಲು ಪುಕ್ಕಟೆ, ಪೇಂಟಿಗೆ 200 ಚಿಲ್ಲರೆ. ಅವು ಇವತ್ತಿಗೂ ಅಲ್ಲಾಡಿಲ್ಲ. ಎಲ್ಲ ಸೇರಿ ಸಾವಿರದ ಆಸುಪಾಸು, ನನ್ನ ಜೇಬಿನಿಂದಲೇ.

ಫೋನಿನದು ಇನ್ನೊಂದು ಗೋಳು. ಒಂದೇ ಕಲ್ಲಿನ ಮೇಲೆ ನಿಂತರೂ ಒಬ್ಬೊಬ್ಬರ ಫೋನ್ ಒಂದೊಂದು ಹೇಳುತ್ತದೆ. ಹೊಂಗೆ ಮರದ ಕೆಳಗಂತೂ ಹತ್ತು ಮೀಟರ್ ಆಚೀಚೆ ಆಗುವುದು ಮಾಮೂಲು. ಬಯಲಲ್ಲಿ ಎರಡು ಮೂರು ನಿಮಿಷ ಸುಮ್ನೆ ನಿಲ್ಲಿಸಿ, ಆಮೇಲೆ ಓದಿಸಿ. ಧ್ವಜಕಂಬದ ಪಕ್ಕ ದಿಕ್ಸೂಚಿ ನಂಬಬೇಡಿ, ಕಬ್ಬಿಣ ಎಳೆಯುತ್ತದೆ. ಮೊದಲನೇ ಕಲ್ಲನ್ನು ನಾನು ಹೇಗೆ ಕರಾರುವಾಕ್ಕಾಗಿ ಕೂರಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಲ್ಲುಗಳ ಮಧ್ಯೆ ಟೇಪ್ ಹಿಡಿದಿದ್ದ ಹುಡುಗಿಯೊಬ್ಬಳು "ಸಾರ್, ಇದು ಚೌಕ ಅಲ್ಲ, ಪೂರ್ವ-ಪಶ್ಚಿಮ 30 ಮೀಟರೇ ಇದೆ" ಅಂದಳು. ಅದೇ ಬೇಕಾಗಿತ್ತು ನನಗೆ. ರೇಖಾಂಶಗಳು ಧ್ರುವದ ಕಡೆ ಹತ್ತಿರವಾಗುತ್ತವೆ, 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅದೇ ಸೆಕೆಂಡು ಸುಮಾರು 15 ಮೀಟರ್ ಅಂತ ಅಲ್ಲೇ ಹೇಳಿದೆ. ಬೋರ್ಡಿನ ಮೇಲೆ ಎಷ್ಟು ವರ್ಷ ಒದ್ದಾಡಿದ್ದೆ ಇದಕ್ಕೆ!

ಅಕ್ಷಾಂಶ ಯಾವುದು, ರೇಖಾಂಶ ಯಾವುದು ಅಂತ ಅದಲು ಬದಲು ಮಾಡುವವರಿಗೂ ಮದ್ದು ಸಿಕ್ಕಿದೆ. ನಮ್ಮದು ಹಾಸನದ ಕಡೆ, 13 ಉತ್ತರ, 76 ಪೂರ್ವ. ತಿರುಗಿಸಿ 76 ಉತ್ತರ, 13 ಪೂರ್ವ ಅಂತ ಹಾಕಿದರೆ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಬೀಳುತ್ತೀರಿ. ಈಗ ಯಾರಾದರೂ ತಪ್ಪಿದರೆ ಕ್ಲಾಸೇ "ಸ್ವೆಟರ್ ತಗೊಳೋ" ಅಂತ ಕೂಗುತ್ತದೆ.

ಮಧ್ಯದಲ್ಲಿ ನೆರಳಿನ ಹುಚ್ಚೂ ಹತ್ತಿತ್ತು. ಸೂರ್ಯ ಸಮಭಾಜಕ ವೃತ್ತದ ನೆತ್ತಿಗೆ ಬರುವ ಮಾರ್ಚ್ 21ರ ಸುಮಾರಿಗೆ ಒಂದು ಮೀಟರ್ ಕೋಲು ನೆಟ್ಟು ಕಾದೆವು. ನೆರಳು ಅತಿ ಗಿಡ್ಡವಾದಾಗ 23 ಸೆಂ.ಮೀ. ಆಸುಪಾಸು ಬಂತು. ನಮ್ಮ ಅಕ್ಷಾಂಶ 13 ಡಿಗ್ರಿಯ ಟ್ಯಾನ್ ಬೆಲೆ ನೋಡಿ, ಅದೇ! ಗಣಿತದ ಮೇಡಂ ಅವತ್ತಿನಿಂದ ನಮ್ಮ ಪಾರ್ಟಿ. ಗಡಿಯಾರ ಮಾತ್ರ ಹನ್ನೆರಡೂವರೆ ದಾಟಿತ್ತು. ಡಿಗ್ರಿಗೆ 4 ನಿಮಿಷದಂತೆ ಗಡಿಯಾರದ 82½ಕ್ಕೂ ನಮಗೂ 26 ನಿಮಿಷ, ಮೇಲೆ ಆ ದಿನಗಳಲ್ಲಿ ಸೂರ್ಯನೇ 7 ನಿಮಿಷ ಲೇಟು.

ಈ ವರ್ಷ ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ (ಊರು, ಕೆರೆ ಎಲ್ಲ ತೋರಿಸುವ ವಿವರವಾದ ನಕ್ಷೆ) ಕಲರ್ ಪ್ರಿಂಟ್ ಹಾಕಿಸಿದ್ದೇನೆ. ಕಲ್ಲಿಂದ ಕಲ್ಲಿಗೆ ನಡೆದ ದೂರ ಅದರಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮಕ್ಕಳು ಸ್ಕೇಲ್ ಇಟ್ಟು ನಮ್ಮ ಕೆರೆ ಏರಿ ಎಷ್ಟು ಸೆಕೆಂಡು ಉದ್ದ ಅಂತ ಜಗಳ ಶುರು ಮಾಡಿದ್ದಾರೆ.